‘ಲಿಫ್ಟ್ ಪಾಸ್ ಸೇರಿದೆ’ ಅಂದರೆ ಸೈಕಲ್ ಮೇಲೆ ಹೋಗ್ತದೆ ಅಂತಲ್ಲ: ಆಲ್ಪ್ಸ್ ಮೌಂಟನ್ ಬೈಕ್ ಪ್ಯಾಕೇಜ್‌ಗೆ ಅಡ್ವಾನ್ಸ್ ಹಾಕುವ ಮೊದಲು ಓದಿ

ಮಂಗಳೂರು, ಉಡುಪಿ, ಮಣಿಪಾಲದ ಸೈಕಲ್ ಗ್ರೂಪುಗಳಲ್ಲಿ ಒಂದು ಪೋಸ್ಟರ್ ತಿರುಗುತ್ತಾ ಉಂಟು. ‘ಆಲ್ಪ್ಸ್‌ನಲ್ಲಿ ಲಿಫ್ಟ್ ಬೈಕಿಂಗ್, 5 ದಿನ. ಲಿಫ್ಟ್ ಪಾಸ್ ಸೇರಿ, ಫುಲ್ ಸಸ್ಪೆನ್ಷನ್ ಸೈಕಲ್ ಸೇರಿ, ವೀಸಾ, ಇನ್ಶೂರೆನ್ಸ್ ಎಲ್ಲ ಸೇರಿ.’ ದಯವಿಟ್ಟು ದುಡ್ಡು ಹಾಕಬೇಡಿ. ನಾವು ನಾಲ್ವರು ತಲಾ 2,65,000 ರೂಪಾಯಿ ಕೊಟ್ಟು ಹೋಗಿ ಬಂದಾಯ್ತು. ಐದು ದಿನದಲ್ಲಿ ಲಿಫ್ಟ್ ಓಡಿದ್ದು ಎರಡೇ ದಿನ. ಆ ಎರಡು ದಿನದ ಪಾಸ್ ಕೂಡ ಅಲ್ಲಿ ನಾವೇ ಇನ್ನೊಮ್ಮೆ ದುಡ್ಡು ಕೊಟ್ಟು ತಗೊಂಡದ್ದು.

ದೂರು ಕೊಟ್ಟಿದ್ದೇವೆ, ಹಾಗಾಗಿ ಏಜೆನ್ಸಿಯ ಹೆಸರು ಇಲ್ಲಿ ಹಾಕುವುದಿಲ್ಲ. ಎಲ್ಲೆಲ್ಲಿ ಸಿಕ್ಕಿಬೀಳ್ತೀರಿ ಅನ್ನುವುದನ್ನು ಮಾತ್ರ ಹೇಳ್ತೇನೆ.

ವಿಷಯ ಸುಳ್ಳಲ್ಲ, ಅದೇ ತೊಂದರೆ. ಸ್ಕೀ ಊರುಗಳಲ್ಲಿ ಹಿಮ ಕರಗಿದ ಮೇಲೆ, ಸ್ಕೀ ಮಾಡುವವರನ್ನು ತಂತಿಯಲ್ಲಿ ಒಯ್ಯುವ ಅದೇ ಚೇರ್‌ಲಿಫ್ಟಿಗೆ ಕೊಕ್ಕೆ ಹಾಕಿ, ಗೊಂಡೋಲಾ ಪೆಟ್ಟಿಗೆಯಲ್ಲಿ ಜಾಗ ಮಾಡಿ, ಸೈಕಲನ್ನು ಗುಡ್ಡದ ತಲೆಗೆ ಒಯ್ಯುತ್ತಾರೆ. ಕೆನಡಾದ ವಿಸ್ಲರ್‌ನಲ್ಲಿ ಬೈಕ್ ಪಾರ್ಕ್ (ಹೀಗೆ ಲಿಫ್ಟಿನಲ್ಲಿ ಹತ್ತಿ ಸೈಕಲಿನಲ್ಲಿ ಇಳಿಯುವ ಜಾಗ) 1999ರಿಂದ ಉಂಟು. ಫ್ರಾನ್ಸಿನ ಲೇ ಜೆ ಎಂಬ ಊರಿನಲ್ಲಿ 2004 ಮತ್ತು 2022ರಲ್ಲಿ ಮೌಂಟನ್ ಬೈಕ್ ವಿಶ್ವ ಚಾಂಪಿಯನ್‌ಶಿಪ್ ಆಗಿದೆ. ಒಂದು ಲಿಫ್ಟಿಗೆ 450 ಮೀಟರ್ ಇಳಿತ ಅಂತ ಇಟ್ಟುಕೊಳ್ಳಿ, ದಿನಕ್ಕೆ 8 ಸುತ್ತು ಹಾಕಿದರೆ 3,600 ಮೀಟರ್ ಇಳಿಯಬಹುದು, ಹತ್ತುವ ಕೆಲಸವೇ ಇಲ್ಲ. ಸೋಮೇಶ್ವರದಿಂದ ಆಗುಂಬೆಗೆ ಬೆವರು ಸುರಿಸಿ ಹತ್ತಿ ಒಂದು ಸಲ ಇಳಿಯುವ ನಮಗೆ ಇದನ್ನು ಕೇಳಿದರೆ ಆಸೆ ಆಗದೆ ಇರುವುದಿಲ್ಲ. ಆ ಆಸೆಯನ್ನೇ ಇವರು ಮಾರುವುದು.

ಸೆಪ್ಟೆಂಬರ್ 13, ಶನಿವಾರ, ಬೆಳಿಗ್ಗೆ ಒಂಬತ್ತೂವರೆ. ಕ್ಯೂನಲ್ಲಿ ಸೈಕಲ್ ಹಿಡಿದು ನಿಂತು ಗೇಟಿಗೆ ಪಾಸ್ ತೋರಿಸಿದರೆ ಕೆಂಪು ಲೈಟ್. ಇನ್ನೊಮ್ಮೆ ತೋರಿಸಿದರೂ ಕೆಂಪು. ನಾಲ್ವರದ್ದೂ ಕೆಂಪು. ಹಿಂದೆ ಮೂವತ್ತು ಜನ ಕಾಯ್ತಾ ಇದ್ದಾರೆ. ಲಿಫ್ಟಿನ ಹುಡುಗ ಕಾರ್ಡ್ ತಿರುಗಿಸಿ ಒಂದು ಶಬ್ದದ ಮೇಲೆ ಬೆರಳಿಟ್ಟ: ‘ಪಿಯೆತೋಂ’. ಫ್ರೆಂಚಿನಲ್ಲಿ ಪಾದಚಾರಿ ಅಂತ. ನಮ್ಮ ಕೈಯಲ್ಲಿ ಇದ್ದದ್ದು ಮೇಲೆ ಹೋಗಿ ಫೋಟೋ ತೆಗೆದು ಕಾಫಿ ಕುಡಿದು ಬರುವವರ ಪಾಸ್. ಅದರಲ್ಲಿ ಮನುಷ್ಯ ಹೋಗಬಹುದು, ಸೈಕಲ್ ಹೋಗುವ ಹಾಗಿಲ್ಲ. ಸೈಕಲ್ ಪಾಸ್ ಬೇರೆ, ಅದರ ರೇಟೂ ಬೇರೆ. ನಾಲ್ಕು ಸೈಕಲ್ ಹಿಂದಕ್ಕೆ ತಳ್ಳಿಕೊಂಡು ಆ ಕ್ಯೂನಿಂದ ಹೊರಗೆ ಬಂದ ಅವಮಾನ ಇವತ್ತಿಗೂ ಹೋಗಿಲ್ಲ.

ನಮ್ಮೂರಿನಲ್ಲಿ ಆಗ ಮಧ್ಯಾಹ್ನ ಒಂದು ಗಂಟೆ. ಏಜೆನ್ಸಿಯವರಿಗೆ ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಆಮೇಲೆ ವಾಟ್ಸಾಪ್‌ನಲ್ಲಿ ಉತ್ತರ ಬಂತು: ‘ಮಾರಾಯ್ರೇ, ನೀವು ಲಿಫ್ಟ್ ಕೇಳಿದ್ದು, ಲಿಫ್ಟ್ ಕೊಟ್ಟಿದ್ದೇವೆ. ಮೇಲೆ ಹೋಗ್ಲಿಕ್ಕೆ ಆಗ್ತದಲ್ಲ?’ ಸೈಕಲ್ ಹೋಗುವುದಿಲ್ಲ ಅಂತ ಬರೆದೆ. ‘ಅದಕ್ಕೆ ಬೇರೆ ಟಿಕೆಟ್ ಉಂಟಂತ ನಮಗೂ ಈಗ ಗೊತ್ತಾಗಿದ್ದು. ಅಡ್ಜಸ್ಟ್ ಮಾಡಿ, ಊರಿಗೆ ಬಂದ ಮೇಲೆ ಕೂತು ಮಾತಾಡುವ.’ ಬೈಕಿಂಗ್ ಪ್ಯಾಕೇಜ್ ಅಂತ ಮಾರಿದವರಿಗೆ ಬೈಕ್ ಪಾಸ್ ಅಂತ ಒಂದು ಉಂಟು ಅಂತ ಗೊತ್ತಿಲ್ಲವಂತೆ!

ಎರಡನೇದು ದಿನಾಂಕ. ಆಲ್ಪ್ಸ್‌ನ ಫ್ರಾನ್ಸ್ ಕಡೆಯ ಹೆಚ್ಚಿನ ಬೈಕ್ ಪಾರ್ಕುಗಳು ಜೂನ್ ಮಧ್ಯದಿಂದ ಸೆಪ್ಟೆಂಬರ್ ಮೊದಲರ್ಧದವರೆಗೆ. ಕೆಲವು ಕಡೆ ಕೊನೆಯ ವಾರಗಳಲ್ಲಿ ಶನಿವಾರ, ಭಾನುವಾರ ಮಾತ್ರ. ನಾವು ಹೋದ ಊರಿನಲ್ಲಿ 14ರ ಭಾನುವಾರವೇ ಕೊನೆಯ ದಿನ. ಸಂಜೆ ಲಿಫ್ಟ್ ನಿಂತದ್ದು ನಿಂತೇ ಹೋಯ್ತು, ಇನ್ನು ಹಿಮ ಬಿದ್ದ ಮೇಲೆ ಸ್ಕೀ ಮಾಡುವವರಿಗೆ. ಸೋಮವಾರ, ಮಂಗಳವಾರ, ಬುಧವಾರ ಹೋಟೆಲಿನ ಕಿಟಕಿಯಿಂದ ಖಾಲಿ ಕುರ್ಚಿಗಳನ್ನು ನೋಡಿದ್ದು. ಸೀಸನ್ ಮುಗಿಯುವಾಗ ರೂಮು ಕಡಿಮೆಗೆ ಸಿಗ್ತದೆ, ಅದಕ್ಕೇ ಏಜೆನ್ಸಿಯವರು ಆ ವಾರ ಹಿಡಿದದ್ದು. ಲಿಫ್ಟ್ ಯಾವತ್ತಿನವರೆಗೆ ಅಂತ ಊರಿನವರು ತಿಂಗಳುಗಟ್ಟಲೆ ಮೊದಲೇ ಹಾಕಿರುತ್ತಾರೆ, ಐದು ನಿಮಿಷದ ಕೆಲಸ. ಏಜೆನ್ಸಿಯವರೂ ನೋಡಲಿಲ್ಲ, ನಾವೂ ನೋಡಲಿಲ್ಲ. ಕೇಳಿದ್ದಕ್ಕೆ ಬಂದ ಉತ್ತರ: ‘ಪಿಡಿಎಫ್ ಸರಿ ಓದಿ, ಸಬ್ಜೆಕ್ಟ್ ಟು ಅವೈಲೆಬಿಲಿಟಿ ಅಂತ ಉಂಟು.’ ಅಂದರೆ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಪೋಸ್ಟರಿನ ಫೋಟೋ ಸರಿ ನೋಡಿದ್ದರೂ ಸಾಕಿತ್ತು. ಅದರಲ್ಲಿರುವ ಟ್ರೇಲ್ ಬೋರ್ಡಿನಲ್ಲಿ ಕಪ್ಪು ಡೈಮಂಡ್ ಗುರುತು ಉಂಟು, ಕಷ್ಟದ ದಾರಿ ಅಂತ. ಅದು ಅಮೆರಿಕ, ಕೆನಡಾದ ಕಡೆಯ ಪದ್ಧತಿ. ಫ್ರಾನ್ಸಿನಲ್ಲಿ ಬಣ್ಣದ ಲೆಕ್ಕ, ಸುಲಭದಿಂದ ಕಷ್ಟಕ್ಕೆ: ಹಸಿರು, ನೀಲಿ, ಕೆಂಪು, ಕಪ್ಪು. ಹೋಗುವ ಊರಿನ ಫೋಟೋ ಕೂಡ ಅಲ್ಲ ಅದು.

ಸೈಕಲಿನ ಕಥೆ ಇನ್ನೂ ಅಪಾಯದ್ದು. ವೌಚರ್ ತೋರಿಸಿದ್ದಕ್ಕೆ ಬಾಡಿಗೆ ಅಂಗಡಿಯವ ತಂದಿಟ್ಟದ್ದು ಹಿಂದೆ ಸಸ್ಪೆನ್ಷನ್ ಇಲ್ಲದ ಹಾರ್ಡ್‌ಟೇಲ್. ಮುಂದೆ 100 ಎಂಎಂ ಫೋರ್ಕ್, 160ರ ಡಿಸ್ಕ್, ಸಪೂರ ಟಯರ್. ಕೆರೆ ಸುತ್ತ ತಿರುಗಲು ಸರಿ. ‘ಇದನ್ನು ಪಾರ್ಕಿಗೆ ಒಯ್ಯುತ್ತೀರಾದರೆ ನಾನು ಕೊಡುವುದಿಲ್ಲ’ ಅಂತ ಅವನೇ ಹೇಳಿದ, ಅವನಿಗೆ ಪುಣ್ಯ ಬರಲಿ. ಲಿಫ್ಟ್ ಇಳಿತಕ್ಕೆ ಬೇಕಾದದ್ದು ಮುಂದೆ ಹಿಂದೆ 170ರಿಂದ 200 ಎಂಎಂ ಟ್ರಾವೆಲ್ (ಸಸ್ಪೆನ್ಷನ್ ಒತ್ತಿ ಇಳಿಯುವ ದೂರ), ನಾಲ್ಕು ಪಿಸ್ಟನ್ ಬ್ರೇಕ್, 200ರ ಡಿಸ್ಕ್, 2.4 ಇಂಚಿನ ದಪ್ಪ ಕೇಸಿಂಗ್ ಟಯರ್. ಯಾಕೆಂದರೆ ಇಳಿಯುವ ಹತ್ತು ಹದಿನೈದು ನಿಮಿಷ ಬ್ರೇಕ್ ಮೇಲಿನ ಬೆರಳು ತೆಗೆಯಲು ಪುರುಸೊತ್ತಿಲ್ಲ. ಸಣ್ಣ ಡಿಸ್ಕ್ ಕಾದು ನೀಲಿ ಬಣ್ಣಕ್ಕೆ ತಿರುಗುತ್ತದೆ, ಪ್ಯಾಡ್ ಗಾಜಿನ ಹಾಗೆ ಹೊಳೆಯಲು ಶುರುವಾಗುತ್ತದೆ, ಆಮೇಲೆ ಲಿವರ್ ಎಷ್ಟು ಒತ್ತಿದರೂ ಸೈಕಲ್ ನಿಲ್ಲುವುದಿಲ್ಲ. ಸರಿಯಾದ ಸೈಕಲ್, ಫುಲ್ ಫೇಸ್ ಹೆಲ್ಮೆಟ್, ಮೊಣಕಾಲು ಮೊಣಕೈ ಗಾರ್ಡ್ ಎಲ್ಲ ಸೇರಿ ಒಬ್ಬರಿಗೆ ದಿನಕ್ಕೆ 95 ಯೂರೋ ಕೈಯಿಂದ ಹೋಯ್ತು. ‘ಹೆಲ್ಮೆಟ್ ಸೇರಿ’ ಅಂತ ಇವರು ಬರೆದದ್ದು ರಸ್ತೆ ಸೈಕಲಿನ ಟೊಪ್ಪಿ.

ಒಂದು ವಿಷಯ ಯಾವ ಏಜೆಂಟರೂ ಹೇಳುವುದಿಲ್ಲ. ನಮ್ಮಲ್ಲಿ ಬಲಗೈ ಲಿವರ್ ಮುಂದಿನ ಬ್ರೇಕ್. ಫ್ರಾನ್ಸಿನಲ್ಲಿ ಎಡಗೈ ಮುಂದಿನದು, ಬಲಗೈ ಹಿಂದಿನದು. ಅಭ್ಯಾಸದಲ್ಲಿ ಎಡಗೈ ಗಟ್ಟಿ ಒತ್ತಿದರೆ ಹ್ಯಾಂಡಲ್ ಮೇಲಿಂದ ಎದುರಿಗೆ ಬೀಳ್ತೀರಿ. ಬಾಡಿಗೆ ಅಂಗಡಿಯಲ್ಲೇ ‘ಅದಲು ಬದಲು ಮಾಡಿಕೊಡಿ’ ಅಂತ ಕೇಳಿ. ಆಗುವುದಿಲ್ಲ ಅಂದರೆ ಮೊದಲ ಎರಡು ಸುತ್ತು ಹಸಿರು ಟ್ರೇಲ್‌ನಲ್ಲೇ ಇಳಿಯಿರಿ. ಸೈಕಲ್ ಹೊರಗೆ ತರುವ ಮೊದಲು ರಿಮ್‌ನ ತಗ್ಗು, ಫೋರ್ಕ್ ಕಾಲಿನ ಗೀರು, ಹಿಂದಿನ ಡಿರೈಲರ್ ಹ್ಯಾಂಗರ್ (ಗೇರ್ ಬದಲಿಸುವ ಭಾಗ ಹಿಡಿಯುವ ಕೊಂಡಿ) ಇಷ್ಟರ ಫೋಟೋ ತೆಗೆದಿಡಿ, ಡೆಪಾಸಿಟ್ ಹಿಡಿಯುವುದು ಇವುಗಳಿಗೇ. ನಿಮ್ಮ ತೂಕ ಹೇಳಿ ಸಸ್ಪೆನ್ಷನ್ನಿಗೆ ಗಾಳಿ ಹಾಕಿಸಿ. ಕೂತಾಗ ಸಸ್ಪೆನ್ಷನ್ ಶೇಕಡಾ 25ರಿಂದ 30 ಇಳಿಯಬೇಕು.

ಇನ್ಶೂರೆನ್ಸ್ ಬಗ್ಗೆ ಕೋಪ ಇನ್ನೂ ಹೆಚ್ಚು. ಶೆಂಗೆನ್ ವೀಸಾಕ್ಕೆ (ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕು. ಇವರು ವೀಸಾ ಪಾಸಾಗುವಷ್ಟಕ್ಕೆ ಮಾತ್ರ ಮಾಡಿಸಿದ್ದು. ಒಳಗಿನ ಪುಟದಲ್ಲಿ ಸಾಹಸ ಕ್ರೀಡೆಗೆ ಕವರ್ ಇಲ್ಲ ಅಂತ ಇತ್ತು. ನಮ್ಮಲ್ಲಿ ಒಬ್ಬರು ಭಾನುವಾರ ಬಿದ್ದು ಮಣಿಕಟ್ಟು ಊದಿತು. ಎಕ್ಸ್‌ರೇ ಖರ್ಚು ಪೂರ್ತಿ ಕೈಯಿಂದ. ಮೂಳೆ ಮುರಿದು ಹೆಲಿಕಾಪ್ಟರ್‌ನಲ್ಲಿ ಇಳಿಸುವ ಹಾಗಾಗಿದ್ದರೆ? ಡೌನ್‌ಹಿಲ್ ಸೈಕ್ಲಿಂಗ್ ಅಂತ ಹೆಸರು ಹಾಕಿದ ರೈಡರ್ (ವಿಮೆಗೆ ಸೇರಿಸುವ ಹೆಚ್ಚುವರಿ ಕವರ್) ಇಲ್ಲದೆ ಹೋಗಲೇಬೇಡಿ.

ಊರಿಗೆ ಬಂದು ಆಫೀಸಿಗೆ ಹೋದೆವು. ‘ನಮ್ಮ ಕೈಯಲ್ಲಿ ಏನಿಲ್ಲ, ಮೇಲಿನವರು ಬೆಂಗಳೂರಿನಲ್ಲಿ.’ ಎರಡು ವಾರ ಬಿಟ್ಟು: ‘ನೀವು ಹಳೇ ಕಸ್ಟಮರ್, ಮುಂದಿನ ಟೂರ್‌ಗೆ ತಲಾ 8,000 ಕಮ್ಮಿ ಮಾಡುವ.’ ಕೊನೆಗೆ: ‘ಕೋರ್ಟಿಗೆ ಹೋಗುವುದಾದರೆ ಬೆಂಗಳೂರಿಗೇ ಹೋಗಬೇಕು, ಬಿಲ್‌ನಲ್ಲಿ ಬರ್ದಿದೆ.’ ಇದಕ್ಕೆ ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವು ವಾಸ ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ಮೊತ್ತ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ.

ಇನ್ನೊಂದು, ವಿದೇಶ ಟೂರ್ ಪ್ಯಾಕೇಜಿಗೆ ಬಿಲ್‌ನಲ್ಲಿ ಟಿಸಿಎಸ್ (ಮಾರುವವರೇ ಹಿಡಿದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಹಿಡಿದಿದ್ದರೆ ಅದು ನಿಮ್ಮ ಪಾನ್ ಹೆಸರಿಗೆ ಆದಾಯ ತೆರಿಗೆ ಇಲಾಖೆಯ ಪಟ್ಟಿಯಲ್ಲಿ ಕಾಣಬೇಕು. ನಮ್ಮ ನಾಲ್ವರಲ್ಲಿ ಇಬ್ಬರದ್ದು ಇನ್ನೂ ಕಾಣುವುದಿಲ್ಲ.

ಹೋಗಲೇಬೇಕು ಅಂತ ಇದ್ದವರು ಒಂದೇ ಪ್ರಶ್ನೆಯನ್ನು ಬರಹದಲ್ಲಿ ಕೇಳಿ: ಯಾವ ಲಿಫ್ಟ್, ಯಾವ ತಾರೀಕು, ಸೈಕಲ್ ಸಮೇತ ಪಾಸಾ? ಫೋನಿನಲ್ಲಿ ‘ಹೌದು ಹೌದು’ ಅಂದರೆ ಬಿಡಬೇಡಿ, ಬರೆದು ಕೊಡಲಿ. ಕೊಡದಿದ್ದರೆ ವಿಮಾನ, ರೂಮು, ಸೈಕಲ್ ಎಲ್ಲ ನೀವೇ ಬುಕ್ ಮಾಡಿ. ಪಾಸ್ ಅಲ್ಲಿಯ ಲಿಫ್ಟ್ ಕೌಂಟರಿನಲ್ಲೇ ಸಿಗ್ತದೆ.

ಈ ವಾರ ಅವರ ಸ್ಟೇಟಸ್‌ನಲ್ಲಿ ಅದೇ ಕಪ್ಪು ಡೈಮಂಡಿನ ಫೋಟೋ ಮತ್ತೆ ಬಂದಿದೆ. ಅದೇ ಊರು, ಅದೇ ‘ಲಿಫ್ಟ್ ಪಾಸ್ ಸೇರಿ’. ಹೊರಡುವುದು ಅಕ್ಟೋಬರ್ 4ಕ್ಕಂತೆ.