ಬಿಗ್ ಬ್ಯಾಂಡ್ ಜೊತೆ ಜಿಮ್ಮಿ ಸ್ಮಿತ್: ನನ್ನ ಕಾಸು 'ದಿ ಕ್ಯಾಟ್'ಗೇ

ಜಾಝ್ ಆರ್ಗನ್ ವಾದಕ ಜಿಮ್ಮಿ ಸ್ಮಿತ್ ಬಿಗ್ ಬ್ಯಾಂಡ್ (ದೊಡ್ಡ ಜಾಝ್ ವಾದ್ಯವೃಂದ) ಜೊತೆ ವರ್ವ್ ಲೇಬಲ್‌ಗೆ ಮಾಡಿದ ಆಲ್ಬಮ್‌ಗಳಲ್ಲಿ ಮೂರು: 'ಬ್ಯಾಶಿನ್' (1962), 'ದಿ ಕ್ಯಾಟ್' (1964), ಗಿಟಾರ್ ವಾದಕ ವೆಸ್ ಮಾಂಟ್ಗೊಮರಿ ಜೊತೆಗಿನ 'ದಿ ಡೈನಾಮಿಕ್ ಡ್ಯುಯೊ' (1966). ಒಂದಕ್ಕೇ ದುಡ್ಡಿದ್ದರೆ ಕಣ್ಣುಮುಚ್ಚಿ 'ದಿ ಕ್ಯಾಟ್' ತಗೊಳ್ಳಿ.

'ಬ್ಯಾಶಿನ್'ನ ಏಳು ಟ್ರ್ಯಾಕ್‌ಗಳಲ್ಲಿ ಬ್ಯಾಂಡ್ ಇರುವುದು ನಾಲ್ಕರಲ್ಲಿ ಮಾತ್ರ. ಕೊನೆಯ ಮೂರು ಬರೀ ಟ್ರಿಯೊ (ಮೂವರೇ ವಾದಕರು). 'ಡ್ಯುಯೊ'ದ ಐದರಲ್ಲಿ ಎರಡಕ್ಕೆ ಬ್ಯಾಂಡ್ ಇಲ್ಲ. ನುಡಿಸಾಣಿಕೆಯಲ್ಲಿ ಕುಂದಿಲ್ಲ, ತಕರಾರಿರುವುದು ಬೇಸ್‌ನಲ್ಲಿ, ಅಂದರೆ ಕೆಳಸ್ಥಾಯಿಯ ಸ್ವರಗಳಲ್ಲಿ. ಬ್ಯಾಂಡ್ ಇಲ್ಲದ ಕಡೆ ಡಬಲ್ ಬೇಸ್ ವಾದಕನೂ ಇಲ್ಲ; ಎಡಗೈ ಮತ್ತು ಕಾಲಿನ ಪೆಡಲ್‌ನಲ್ಲಿ ಸ್ಮಿತ್ ತಾನೇ ಬೇಸ್ ನಡೆಸುತ್ತಾನೆ. ಅವನ ಹ್ಯಾಮಂಡ್ ಎಲೆಕ್ಟ್ರಿಕ್ ಆರ್ಗನ್‌ನೊಳಗೆ ತಿರುಗುವ ಟೋನ್‌ವೀಲ್‌ಗಳಲ್ಲಿ (ಸ್ವರ ಹುಟ್ಟಿಸುವ ಚಕ್ರಗಳು) ಬಹುಪಾಲು ಕೊಡುವುದು ಹೆಚ್ಚುಕಡಿಮೆ ಶುದ್ಧ ಸೈನ್ ಅಲೆ, ಅಂದರೆ ಒಂದೇ ಆವರ್ತನದ ಸದ್ದು; ಮೇಲಿನ ಹಾರ್ಮಾನಿಕ್ಸ್ (ಮೂಲ ಸ್ವರದ ಜೊತೆ ಮೊಳಗುವ ಮೇಲಿನ ಸ್ವರಗಳು) ತೀರಾ ಕಮ್ಮಿ. ಪೆಡಲ್‌ನ ಅತಿ ಕೆಳಗಿನ ಸ್ವರ ಸುಮಾರು 33 ಹರ್ಟ್ಜ್. ಅಂಗೈಯಗಲದ ಬ್ಲೂಟೂತ್ ಸ್ಪೀಕರ್ 100ರ ಕೆಳಗೆ ಉಸಿರೇ ಎತ್ತುವುದಿಲ್ಲ. ಹೀಗಾಗಿ 'ಡ್ಯುಯೊ'ದಲ್ಲಿ ಬ್ಯಾಂಡ್ ಇಲ್ಲದ 'ಜೇಮ್ಸ್ ಆ್ಯಂಡ್ ವೆಸ್' ಹಾಕಿದರೆ ಗಿಟಾರ್, ಡ್ರಮ್, ಆರ್ಗನ್‌ನ ಬಲಗೈ ಅಷ್ಟೇ ಉಳಿದು, ಕೆಳಗೆ ನೆಲವೇ ಇಲ್ಲದಂತಾಗುತ್ತದೆ.

ಫೋನಿನ ಈಕ್ವಲೈಸರ್‌ನಲ್ಲಿ 60 ಹರ್ಟ್ಜ್ ಎತ್ತಿ ನೋಡುವವರಿದ್ದಾರೆ. ಪ್ರಯೋಜನವಿಲ್ಲ. ಕೋನ್ ಗರಗರ ಎನ್ನುತ್ತದೆ, ಜೊತೆಗೆ ಸ್ನೇರ್ ಡ್ರಮ್ಮೂ ಮಸುಕಾಗುತ್ತದೆ.

'ದಿ ಕ್ಯಾಟ್'ನ ಎಂಟು ಟ್ರ್ಯಾಕ್‌ಗಳಲ್ಲೂ ಜಾರ್ಜ್ ಡುವಿವಿಯರ್‌ನ ಡಬಲ್ ಬೇಸ್ ಇದೆ. ತಂತಿಗೆ ಬೆರಳು ತಾಗುವ ಸದ್ದು, ಅದರ ಮೇಲಿನ ಹಾರ್ಮಾನಿಕ್ಸ್ ಚಿಕ್ಕ ಸ್ಪೀಕರ್‌ನಲ್ಲೂ ದಾಟಿ ಬರುತ್ತವೆ. ಮೂಲ ಸ್ವರ ಕಳೆದುಹೋದರೂ ಕಿವಿ ಅದನ್ನು ತುಂಬಿಕೊಳ್ಳುತ್ತದೆ. ಅಡುಗೆಮನೆಯ ಕಟ್ಟೆ ಮೇಲೆ ಸ್ಪೀಕರ್ ಇಟ್ಟು ಕೇಳುವ ನನ್ನಂಥವರಿಗೆ ಇದೇ ದೊಡ್ಡ ಲಾಭ.

ಇನ್ನೊಂದು ಕಾರಣ, 'ದಿ ಕ್ಯಾಟ್'ನ ಅರೇಂಜ್‌ಮೆಂಟಿನಲ್ಲಿ (ಯಾವ ವಾದ್ಯ ಏನು ನುಡಿಸಬೇಕೆಂಬ ಹೊಂದಿಕೆ) ಅದನ್ನು ಬರೆದ ಲಾಲೋ ಶಿಫ್ರಿನ್ ಸ್ಯಾಕ್ಸೋಫೋನ್ ಇಟ್ಟೇ ಇಲ್ಲ. ಊದುವ ವಾದ್ಯಗಳೆಂದರೆ ಟ್ರಂಪೆಟ್, ಫ್ರೆಂಚ್ ಹಾರ್ನ್, ಟ್ರಾಂಬೋನ್, ಟ್ಯೂಬಾ, ಅಷ್ಟೇ. ಸ್ಯಾಕ್ಸ್ ಗುಂಪು ಮತ್ತು ಆರ್ಗನ್ ಎರಡೂ ಮಧ್ಯದ ಸ್ಥಾಯಿಯಲ್ಲೇ ಕೂರುವುದರಿಂದ ಒಂದರ ಮೇಲೊಂದು ಬೀಳುತ್ತವೆ. ಇಲ್ಲಿ ಆ ಜಾಗ ಪೂರ್ತಿ ಸ್ಮಿತ್‌ಗೆ. ಶೀರ್ಷಿಕೆಯ ಟ್ರ್ಯಾಕ್‌ನಲ್ಲಿ ಆರ್ಗನ್‌ನ ಪರ್ಕಶನ್ ಸ್ವಿಚ್ಚು ಸ್ವರದ ಆರಂಭಕ್ಕೆ ಸೇರಿಸುವ 'ಟಕ್' ಗಮನಿಸಿ: ಒತ್ತಿದ ಕೀಗಳೆಲ್ಲ ಬಿಟ್ಟ ಮೇಲೆಯೇ ಅದು ಮತ್ತೆ ಹುಟ್ಟುತ್ತದೆ. ಅಷ್ಟು ವೇಗದಲ್ಲೂ ಅದನ್ನು ಮತ್ತೆಮತ್ತೆ ಹುಟ್ಟಿಸಲು ಬೆರಳುಗಳನ್ನು ಎಷ್ಟು ಚೊಕ್ಕವಾಗಿ ಎತ್ತಬೇಕು, ಯೋಚಿಸಿ.

'ಬ್ಯಾಶಿನ್'ಗೆ ಆಲಿವರ್ ನೆಲ್ಸನ್ ಅರೇಂಜ್ ಮಾಡಿದ 'ವಾಕ್ ಆನ್ ದ ವೈಲ್ಡ್ ಸೈಡ್' ಈ ಮೂರರಲ್ಲೇ ಶ್ರೇಷ್ಠ ಅರೇಂಜ್‌ಮೆಂಟ್ ಇರಬಹುದು. ಆದರೆ ಥೀಮನ್ನು ಮೊದಲು ಬ್ಯಾಂಡೇ ನುಡಿಸುತ್ತದೆ, ಆರ್ಗನ್‌ಗಾಗಿ ಕಾಯಬೇಕು. 'ಡ್ಯುಯೊ' ವೆಸ್‌ನ ಅಭಿಮಾನಿಗಳಿಗೆ.

ಮನೆಯಲ್ಲಿ ಎಂಟಿಂಚಿನ ವೂಫರ್ ಇರುವವರು ನನ್ನ ಮಾತನ್ನು ತಿರುಗಿಸಿ ಹಾಕಿ, 'ಬ್ಯಾಶಿನ್'ನ ಕೊನೆಯ ಮೂರು ಟ್ರ್ಯಾಕ್‌ಗಳಿಂದಲೇ ಶುರು ಮಾಡಿ.