ಆಲೆಮನೆ ಬೆಲ್ಲಕ್ಕೆ ವೆಬ್‌ಸೈಟ್: ಯಾವುದರಲ್ಲಿ ಮಾಡೋದು?

ಮಂಡ್ಯದಲ್ಲಿ ನಿಮ್ಮದೊಂದು ಆಲೆಮನೆ ಇದೆ, ಕೋಡಿಂಗ್ ಬರುವುದಿಲ್ಲ ಅಂದುಕೊಳ್ಳಿ. ನಾಲ್ಕು ಫೋಟೋ, ಅಚ್ಚು ಬೆಲ್ಲದ ರೇಟು, ವಾಟ್ಸಾಪ್ ನಂಬರು, ದಾರಿ ತೋರಿಸುವ ಮ್ಯಾಪು ಇಷ್ಟೇ ಬೇಕಾ? ಗೂಗಲ್ ಸೈಟ್ಸ್ ಸಾಕು. ಜಿಮೇಲ್ ಇದ್ದರೆ ಪುಕ್ಕಟೆ, ಒಂದು ಸಂಜೆಯ ಕೆಲಸ. ಆರ್ಡರ್ ಹಿಡಿದು ದುಡ್ಡು ಕಟ್ಟಿಸಿಕೊಳ್ಳುವ ಅಂಗಡಿ ಮಾತ್ರ ಅದರಲ್ಲಿಲ್ಲ.

ವಿಕ್ಸ್ (Wix) ಅನ್ನೋ ಇನ್ನೊಂದು ವೆಬ್‌ಸೈಟ್ ಕಟ್ಟುವ ಸೇವೆ ನೋಡೋಕೆ ಚೆಂದ. ಪುಕ್ಕಟೆ ಪ್ಲಾನಿನಲ್ಲಿ ಅವರ ಜಾಹೀರಾತು ನಿಮ್ಮ ಬೆಲ್ಲದ ತಲೆ ಮೇಲೆ ಕೂತಿರುತ್ತದೆ, ಅಷ್ಟೇ.

ಅಂಗಡಿಯೇ ಬೇಕಾದರೆ ನನ್ನ ಓಟು ವರ್ಡ್‌ಪ್ರೆಸ್‌ಗೆ. 2003ರಿಂದ ಇದೆ. ತಂತ್ರಾಂಶ ಪುಕ್ಕಟೆ, ಹೋಸ್ಟಿಂಗ್ (ಸೈಟು ಇಡಲು ಬಾಡಿಗೆ ಜಾಗ), ಡೊಮೈನ್‌ಗೆ (ಸೈಟಿನ ವಿಳಾಸ) ವರ್ಷವರ್ಷ ದುಡ್ಡು. ವೂಕಾಮರ್ಸ್ ಅನ್ನೋ ಪ್ಲಗಿನ್ (ಮೇಲಿಂದ ಸೇರಿಸುವ ತಂತ್ರಾಂಶದ ತುಣುಕು) ಹಾಕಿದರೆ ಕಾರ್ಟು, ಬಿಲ್ಲು ಎಲ್ಲಾ ಬರುತ್ತದೆ. ಕಲಿಯೋದು ಸ್ವಲ್ಪ ಜಾಸ್ತಿ. ಅಪ್‌ಡೇಟು ನಿಮ್ಮ ತಲೆಗೇ; ಬ್ಯಾಕಪ್ (ಸೈಟಿನ ನಕಲು) ತೆಗೆಯದೆ ಸುಮ್ನೆ ಅಪ್‌ಡೇಟ್ ಒತ್ತಬೇಡಿ. ಹೋಸ್ಟಿಂಗ್‌ನವರು ಸರಿಬರದಿದ್ದರೆ ಸೈಟನ್ನೇ ಎತ್ತಿಕೊಂಡು ಬೇರೆ ಕಡೆ ಹೋಗಬಹುದು. ವಿಕ್ಸ್‌ನಲ್ಲಿ ಅದು ಆಗುವುದಿಲ್ಲ.