ಉಪಗ್ರಹ ತೋರಿಸಿದ ಹಳದಿ ಚೌಕಗಳು: ಬೆಳೆ ಸಲಹೆ ಆ್ಯಪ್ ಜೊತೆ ಒಂದು ಹಂಗಾಮು

ಉಪಗ್ರಹ ಚಿತ್ರಗಳನ್ನು ಕೃತಕ ಬುದ್ಧಿಮತ್ತೆಯಿಂದ ವಿಶ್ಲೇಷಿಸಿ ಬೆಳೆಗೆ ಸಲಹೆ ನೀಡುವ ಮೊಬೈಲ್ ಸೇವೆಯೊಂದನ್ನು ನಾಲ್ಕು ಎಕರೆ ಮೆಕ್ಕೆಜೋಳಕ್ಕೆ ಬಿತ್ತನೆಯಿಂದ ಕಟಾವಿನವರೆಗೆ ಬಳಸಿದ್ದೇನೆ. ಹೊಲದ ಯಾವ ಮೂಲೆಗೆ ಹೋಗಿ ನೋಡಬೇಕೆಂಬುದನ್ನು ಅದು ಚೆನ್ನಾಗಿ ಹೇಳುತ್ತದೆ. ಹೋದ ಮೇಲೆ ಏನು ಮಾಡಬೇಕೆಂದು ಹೇಳತೊಡಗಿದಾಗ ಎಡವುತ್ತದೆ.

ಇದರ ಚಿತ್ರಗಳು ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಸೆಂಟಿನೆಲ್-2 ಉಪಗ್ರಹಗಳವು. 2015ರಲ್ಲಿ ಮೊದಲನೆಯದು, 2017ರಲ್ಲಿ ಎರಡನೆಯದು ಹಾರಿದ ಮೇಲೆ ಐದು ದಿನಕ್ಕೊಮ್ಮೆ ಉಚಿತವಾಗಿ ಚಿತ್ರ ಸಿಗುತ್ತಿದೆ. ಚಿತ್ರದ ಒಂದು ಚುಕ್ಕೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ, ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ. ಎಕರೆಗೆ ಸುಮಾರು 40 ಚೌಕಗಳಾದವು. ಪ್ರತಿ ಗುಂಟೆಗೂ ಒಂದೇ ಬಣ್ಣ, ಅದರೊಳಗಿನ ಗಿಡಗಳ ವ್ಯತ್ಯಾಸ ಕಾಣುವುದಿಲ್ಲ. ಆರೋಗ್ಯವಂತ ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೆಚ್ಚಾಗಿ ಪ್ರತಿಫಲಿಸುತ್ತದೆ. ಇವೆರಡರ ಅಂತರದಿಂದ ಲೆಕ್ಕ ಹಾಕುವ ಎನ್‌ಡಿವಿಐ ಸೂಚ್ಯಂಕವೇ ನಕ್ಷೆಯ ಹಸಿರು ಹಳದಿಗಳ ಮೂಲ.

ಹೊಲದ ಗಡಿಯನ್ನು ಪರದೆಯ ಮೇಲೆ ಬೆರಳಿನಿಂದ ಗುರುತಿಸುವಾಗ ನಾನು ಬದುವಿನ ಮರಗಳನ್ನೂ ಸೇರಿಸಿಬಿಟ್ಟಿದ್ದರಿಂದ ಅಂಚಿನ ಚೌಕಗಳು ಬಿತ್ತನೆಗೆ ಮೊದಲೇ ಹಚ್ಚಹಸಿರಾಗಿದ್ದವು. ಗಡಿಯನ್ನು ಒಳಕ್ಕೆ ಎಳೆದು ಮತ್ತೆ ಬರೆಯಬೇಕಾಯಿತು.

ಬಿತ್ತಿದ 38ನೇ ದಿನ ವಾಯವ್ಯ ಮೂಲೆಯಲ್ಲಿ ಮೂರು ಚೌಕಗಳು ಹಳದಿಗೆ ತಿರುಗಿದವು. ಬದುವಿನ ಮೇಲೆ ನಿಂತರೆ ಏನೂ ಕಾಣುತ್ತಿರಲಿಲ್ಲ, ಮುಂದಿನ ಸಾಲುಗಳು ಸೊಂಟದೆತ್ತರ ಬೆಳೆದಿದ್ದವು. ಒಳಹೊಕ್ಕು ನೋಡಿದಾಗ ಆ ಜಾಗದ ಎಲೆಗಳು ಕೊಳವೆಯಂತೆ ಸುರುಳಿ ಸುತ್ತಿದ್ದವು, ಬುಡದ ಮಣ್ಣಿನಲ್ಲಿ ಬೆರಳು ಇಳಿಯುತ್ತಿರಲಿಲ್ಲ. ಹನಿ ನೀರಾವರಿಯ ಲ್ಯಾಟರಲ್ ಪೈಪಿನೊಳಗೆ ಕೆಸರು ಕಟ್ಟಿಕೊಂಡಿತ್ತು. ತುದಿ ಬಿಚ್ಚಿ ತೊಳೆದು ನೀರು ಹಾಯಿಸಿದ ಮೇಲೆ ಎರಡು ಚಿತ್ರಗಳ ಅಂತರದಲ್ಲಿ ಆ ಚೌಕಗಳು ಹಸಿರಿಗೆ ಮರಳಿದವು. ಚಂದಾ ಕಟ್ಟಿದ್ದು ಸಾರ್ಥಕವೆನಿಸಿದ್ದು ಆ ವಾರ.

ಮಳೆಗಾಲದ ಅನುಭವ ಬೇರೆ. ಮೋಡ ಕವಿದು 17 ದಿನ ಹೊಸ ಚಿತ್ರ ಬರಲಿಲ್ಲ. ಅದು ಯಾರ ತಪ್ಪೂ ಅಲ್ಲ. ಆದರೆ ಆ್ಯಪ್ ಹಳೆಯ ನಕ್ಷೆಯನ್ನೇ ಅಂದಂದಿನ ದಿನಾಂಕದಡಿ ತೋರಿಸುತ್ತ, ಚಿತ್ರ ತೆಗೆದ ನಿಜವಾದ ದಿನವನ್ನು ಮೂರನೆಯ ಪುಟದ ಸಣ್ಣ ಅಕ್ಷರಗಳಲ್ಲಿ ಅಡಗಿಸಿಟ್ಟಿದ್ದನ್ನು ಒಪ್ಪಲಾಗದು. ಮೋಡದ ಮೂಲಕವೂ ನೋಡಬಲ್ಲ ರೇಡಾರ್ ಉಪಗ್ರಹಗಳಿವೆ. ಅವುಗಳಿಂದ ತೇವಾಂಶದ ಅಂದಾಜು ಸಿಗುತ್ತದೆಯೇ ಹೊರತು ಎಲೆಯ ಹಸಿರು ತಿಳಿಯುವುದಿಲ್ಲ.

ಮೋಡ ಸರಿದ ಕೂಡಲೇ ತಗ್ಗಿನ ಭಾಗಕ್ಕೆ ಸಾರಜನಕದ ಕೊರತೆಯಿದೆ, ಯೂರಿಯಾ ಕೊಡಿ ಎಂಬ ಸಂದೇಶ ಬಂತು. ಹೋಗಿ ನೋಡಿದರೆ ಅಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತ್ತು. ಬೇರು ಉಸಿರುಗಟ್ಟಿದರೂ ಎಲೆ ಹಳದಿಯಾಗುತ್ತದೆ, ಸಾರಜನಕ ಸಾಲದಿದ್ದರೂ ಹಳದಿಯಾಗುತ್ತದೆ. ಮೇಲಿನಿಂದ ನೋಡುವ ಕಣ್ಣಿಗೆ ಎರಡೂ ಒಂದೇ. ಗೊಬ್ಬರ ಎರಚಿದ್ದರೆ ನೀರುಪಾಲಾಗುತ್ತಿತ್ತು. ಮೊದಲು ಕಾಲುವೆ ತೋಡಿ ನೀರು ಬಸಿಯಬೇಕಿತ್ತು, ಅದನ್ನೇ ಮಾಡಿದೆ. ಇನ್ನೊಂದು ಮೂಲೆಗೆ ‘ಅತ್ಯುತ್ತಮ’ ಎಂಬ ದರ್ಜೆ ಸಿಕ್ಕಿತ್ತು. ಅಲ್ಲಿ ಸೊಂಪಾಗಿ ಬೆಳೆದಿದ್ದು ಕಳೆ.

ಸೂಲಂಗಿ ಹೊರಟು ಎಲೆಗಳು ನೆಲವನ್ನು ಪೂರ್ತಿ ಮುಚ್ಚಿದ ಮೇಲೆ ಸೂಚ್ಯಂಕ ಏರುವುದನ್ನೇ ನಿಲ್ಲಿಸುವುದರಿಂದ ಹೊಲವೆಲ್ಲ ಒಂದೇ ಹಸಿರಾಗಿ ಕಂಡು, ಕೊನೆಯ ತಿಂಗಳು ಆ್ಯಪ್ ತೆರೆಯುವ ಅಗತ್ಯವೇ ಬೀಳಲಿಲ್ಲ. ಸುಳಿಯಲ್ಲಿ ಅಡಗುವ ಸೈನಿಕ ಹುಳುವನ್ನೂ ಇದು ಸಮಯಕ್ಕೆ ಹಿಡಿಯಲಿಲ್ಲ. ಮುಂದಿನ ಹಂಗಾಮಿಗೂ ಚಂದಾ ನವೀಕರಿಸಿದ್ದೇನೆ, ಗೊಬ್ಬರದ ಸಲಹೆಗಳ ನೋಟಿಫಿಕೇಶನ್ ಮಾತ್ರ ಆಫ್ ಮಾಡಿದ್ದೇನೆ.